ಬ್ಲ್ಯಾಕ್‌ಕರಂಟ್ ಗೊತ್ತಿಲ್ಲದಿದ್ದರೇನು, ನೇರಳೆ ಗೊತ್ತಲ್ವಾ?

ಪ್ರಶ್ನೆ: ಗೆಳೆಯರ ಜೊತೆ ನಂದಿ ಬೆಟ್ಟದ ಕಡೆ ವೈನ್ ಟೇಸ್ಟಿಂಗ್‌ಗೆ ಹೋಗಿದ್ದೆ. ವಿವರಿಸುವವರು ‘ಇದರಲ್ಲಿ ಗೂಸ್‌ಬೆರಿ, ಅದರಲ್ಲಿ ಬ್ಲ್ಯಾಕ್‌ಕರಂಟ್’ ಅಂತ ಹೇಳುತ್ತಾ ಹೋದರು. ಎಲ್ಲರೂ ತಲೆಯಾಡಿಸಿದರು. ನನಗೆ ಗೊತ್ತಾಗಿದ್ದು ಹುಳಿ ಮತ್ತು ಒಗರು ಮಾತ್ರ. ನನ್ನ ಮೂಗು ಕೆಟ್ಟಿದೆಯೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ನಿಮ್ಮ ಮೂಗು ಚೆನ್ನಾಗಿಯೇ ಇದೆ. ತಲೆಯಾಡಿಸಿದವರಲ್ಲಿ ಎಷ್ಟೋ ಜನ ಬ್ಲ್ಯಾಕ್‌ಕರಂಟ್ ನೋಡಿರುವುದು ಐಸ್‌ಕ್ರೀಮ್ ಕಪ್ಪಿನಲ್ಲಿ ಮಾತ್ರ, ಹಣ್ಣಿನ ರೂಪದಲ್ಲಿ ಅಲ್ಲ.

ಗೂಸ್‌ಬೆರಿ ಕಥೆ ಇನ್ನೂ ತಮಾಷೆಯದು. ನಾವು ಅದನ್ನು ನೆಲ್ಲಿಕಾಯಿ ಅಂದುಕೊಳ್ಳುತ್ತೇವೆ. ಯುರೋಪಿನ ಗೂಸ್‌ಬೆರಿಗೂ ನಮ್ಮ ಬೆಟ್ಟದ ನೆಲ್ಲಿಗೂ ಯಾವ ನಂಟೂ ಇಲ್ಲ. ಇದು ತಿಳಿಯದೆ ನಾನು ಶುರುವಿನಲ್ಲಿ ಗೂಸ್‌ಬೆರಿ ವಾಸನೆಗೆ ಹೆಸರಾದ ಸೊವಿನ್ಯೋಂ ಬ್ಲಾಂ ಅನ್ನುವ ಬಿಳಿ ವೈನಿನ ಗ್ಲಾಸಿಗೆ ಮೂಗಿಟ್ಟು ನೆಲ್ಲಿಕಾಯಿ ಹುಡುಕುತ್ತಾ ಕೂತಿದ್ದೆ. ಸಿಗಲೇ ಇಲ್ಲ. ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಗಾಡಿಯವರು ಸೀಬೆಹಣ್ಣನ್ನು ನಾಲ್ಕು ಸೀಳು ಮಾಡಿ ಉಪ್ಪು-ಖಾರ ಸವರುತ್ತಿದ್ದರು. ಆ ವಾಸನೆ ಮೂಗಿಗೆ ಬಂತು ನೋಡಿ. ಅರೆ, ಇದೇ ಅಲ್ವಾ ಅದು! ಅಂದಿನಿಂದ ನನಗೆ ಆ ವೈನ್ ಅಂದರೆ ಸೀಬೆ.

‘ಒಗರು’ ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಅರ್ಧ ಪರೀಕ್ಷೆ ಪಾಸು. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆ, ಬೀಜದ ಸಮೇತ ಹುದುಗಿಸುತ್ತಾರೆ. ಬಣ್ಣವೂ ಒಗರೂ ಬರುವುದು ಅಲ್ಲಿಂದ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ, ಹಾಗಾಗಿ ಒಗರು ಕಮ್ಮಿ. ಈ ಒಗರಿಗೆ ಕಾರಣ ಟ್ಯಾನಿನ್. ಅದು ಎಂಜಲಿನ ಪ್ರೋಟೀನ್‌ಗೆ ಅಂಟಿಕೊಂಡು ಬಾಯಿಯ ಜಾರುತನ ಕಳೆಯುತ್ತದೆ. ನೇರಳೆಹಣ್ಣು ತಿಂದಾಗ, ಎಳೆ ಅಡಿಕೆ ಜಗಿದಾಗ ನಾಲಿಗೆ ದಪ್ಪ ಆದ ಹಾಗೆ ಅನಿಸುತ್ತಲ್ಲ, ಅದೇ. ಇದನ್ನೇ ಎಷ್ಟೋ ಜನ ‘ಡ್ರೈ’ ಅಂತಾರೆ, ಅದು ತಪ್ಪು. ವೈನಿನಲ್ಲಿ ಡ್ರೈ ಅಂದರೆ ಸಿಹಿ ಇಲ್ಲದ್ದು, ಅಷ್ಟೇ. ಚೂರೂ ಒಗರಿಲ್ಲದ ಡ್ರೈ ವೈನ್ ಬೇಕಾದಷ್ಟಿವೆ. ನಮಗೆ ಎರಡಕ್ಕೂ ಬೇರೆ ಬೇರೆ ಮಾತಿದೆ, ಸುಮ್ನೆ ಯಾಕೆ ಒದ್ದಾಡಬೇಕು?

ಮುಂದಿನ ಸಲ ಮಸಾಲೆ ಡಬ್ಬಿ ಪಕ್ಕದಲ್ಲಿಟ್ಟುಕೊಳ್ಳಿ. ನಾಲ್ಕು ಕಾಳುಮೆಣಸು ಜಜ್ಜಿ ಮೂಸಿ, ಆಮೇಲೆ ಶಿರಾಜ್ ಅನ್ನುವ ಕೆಂಪು ವೈನ್ ಮೂಸಿ. ಮೆಣಸಿನ ಘಾಟು ಬಂದರೆ ಅದು ಭ್ರಮೆ ಅಲ್ಲ. ರೋಟಂಡೋನ್ ಎಂಬ ಒಂದೇ ವಸ್ತು ಎರಡರಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಈ ರೋಟಂಡೋನ್ ತಾಗುವುದೇ ಇಲ್ಲ ಅನ್ನುವುದೂ ಆಗಲೇ ಗೊತ್ತಾಯಿತು. ಹಾಗಾಗಿ ಬಾರದಿದ್ದರೂ ಬೇಜಾರಿಲ್ಲ. ಓಕ್ ಪೀಪಾಯಿಯಲ್ಲಿಟ್ಟ ವೈನಿನಲ್ಲಿ ಲವಂಗ ಕಾಣಿಸಬಹುದು. ಲವಂಗದ ವಾಸನೆಗೆ ಕಾರಣವಾದ ಯೂಜಿನಾಲ್ ಓಕ್ ಮರದಲ್ಲೂ ಇದೆ. ಕ್ಯಾಬರ್ನೆ ಸೊವಿನ್ಯೋಂ ಅನ್ನುವ ಕೆಂಪು ವೈನ್ ಕೆಲವೊಮ್ಮೆ ಈಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ ಹಾಗೆ ಇರುತ್ತದೆ. ಆ ದ್ರಾಕ್ಷಿ ತಳಿಯ ಹೆತ್ತವರಲ್ಲಿ ಒಂದು ಸೊವಿನ್ಯೋಂ ಬ್ಲಾಂ. ಆ ಹಸಿ ವಾಸನೆ ಇಬ್ಬರಲ್ಲೂ ಇದೆ.

ಪ್ರಶ್ನೆ: ನಮ್ಮ ಊರಿನ ಹೆಸರಲ್ಲೇ ‘ಬೆಂಗಳೂರು ಬ್ಲೂ’ ದ್ರಾಕ್ಷಿ ಇದೆ. ಒಳ್ಳೆ ವೈನ್ ಬಾಟಲಿಯ ಮೇಲೆ ಮಾತ್ರ ಆ ಹೆಸರೇ ಕಾಣಲ್ಲ. ಯಾಕೆ?
— ಓದುಗರೊಬ್ಬರು, ಯಲಹಂಕ

ಉತ್ತರ: ಬೆಂಗಳೂರು ಬ್ಲೂ ಕಂಡರೆ ನನಗೆ ತುಂಬಾ ಪ್ರೀತಿ. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಪುಳಕ್ ಅಂತ ಬಾಯಿಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಹೀಗೆ ಸಿಪ್ಪೆ ಜಾರುವುದು ಅಮೆರಿಕ ಮೂಲದ ಲಬ್ರುಸ್ಕಾ ಬಳಗದ ಗುರುತು. ವೈನಿಗೆ ಹೆಸರಾದ ತಳಿಗಳೆಲ್ಲ ವಿನಿಫೆರಾ ಅನ್ನುವ ಬೇರೆ ಬಳಗದವು. ಲಬ್ರುಸ್ಕಾಗೆ ಒಂದು ಗಾಢವಾದ ಜ್ಯೂಸ್ ವಾಸನೆ ಇದೆ. ಹಣ್ಣಿನಲ್ಲಿ ಅದು ಚೆಂದ. ವೈನಿನಲ್ಲಿ ಉಳಿದ ಎಲ್ಲ ವಾಸನೆಯನ್ನೂ ತುಳಿದುಹಾಕುತ್ತದೆ. ಅದಕ್ಕೇ ಜ್ಯೂಸ್, ಜಾಮ್, ಸಿಹಿ ವೈನ್ ಇದರ ಜಾಗ. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣಿದು, ಕೀಳಾಗಿ ನೋಡಬೇಡಿ.

ಕ್ರಿಸ್‌ಮಸ್ ಸಮಯದಲ್ಲಿ ಮನೆಯಲ್ಲಿ ವೈನ್ ಹಾಕುವವರ ಭರಣಿಗೂ ಇದೇ ಹೋಗುವುದು. ಒಮ್ಮೆ ನಾನೂ ಹಾಕಿದೆ. ಉಪ್ಪಿನಕಾಯಿ ಭರಣಿ ಅಂದುಕೊಂಡು ಬಾಯಿಯನ್ನು ಬಟ್ಟೆ, ಹಗ್ಗ ಎಲ್ಲ ಸುತ್ತಿ ಬಿಗಿದಿದ್ದೆ. ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಬೇಕು ಅನ್ನುವುದು ಮರೆತೇಹೋಗಿತ್ತು. ಮೂರನೇ ರಾತ್ರಿ ಮುಚ್ಚಳ ಹಾರಿತು. ಅಡುಗೆಮನೆ ಸೂರಿನ ನೇರಳೆ ಕಲೆ ಎರಡು ಸಲ ಸುಣ್ಣ ಹೊಡೆದರೂ ಇಣುಕುತ್ತಿತ್ತು. ಮನೆಯವರ ಮಾತು ಇಲ್ಲಿ ಬರೆಯುವಂತಿಲ್ಲ.

ಫ್ರೆಂಚ್ ತಳಿಗಳು ಇಲ್ಲಿ ಬೇರೂರಿದ್ದು ಈಚೆಗೆ. ಗ್ರೋವರ್ ಕುಟುಂಬ 1980ರ ದಶಕದಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಲ್ಲಿ ಈ ತಳಿಗಳ ದ್ರಾಕ್ಷಿ ತೋಟ ಶುರುಮಾಡಿತು. ರಾಜ್ಯದ ವೈನ್ ನೀತಿ ಬಂದದ್ದು 2007ರಲ್ಲಿ. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಬಳ್ಳಿಯ ಕೊಂಬೆ ಸವರಿ, ಫಸಲು ಮಾತ್ರ ಒಂದೇ ತೆಗೆಯುತ್ತಾರೆ. ಮಳೆಗೆ ಸಿಗದ ಹಾಗೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲು. ಆ ಗೊನೆಯ ಹಣ್ಣು ಪುಟ್ಟದು, ಸಿಪ್ಪೆ ದಪ್ಪ, ಬೀಜ ಜಾಸ್ತಿ. ತಿನ್ನಲು ಕೊಟ್ಟರೆ ಮಕ್ಕಳು ಮೂಸಿಯೂ ನೋಡಲ್ಲ.

ಪ್ರಶ್ನೆ: ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕಂತೆ. ಫ್ರಿಜ್‌ನಲ್ಲಿಟ್ಟೆ ಅಂತ ಗೆಳೆಯ ನಕ್ಕ.
— ಓದುಗರೊಬ್ಬರು, ವಿಜಯನಗರ

ಉತ್ತರ: ಯಾರ ರೂಮು? ಆ ಮಾತು ಹುಟ್ಟಿದ್ದು ಹೀಟರ್ ಇಲ್ಲದ ಕಾಲದ ಯುರೋಪಿನ ಮನೆಗಳಲ್ಲಿ. ಅಲ್ಲಿ ಕೋಣೆ ಅಂದರೆ 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ನಿಮ್ಮ ಮನೆ ಹಾಲ್ 30 ದಾಟಿರುತ್ತದೆ. ಅಷ್ಟು ಬಿಸಿಯಲ್ಲಿ ಆಲ್ಕೋಹಾಲ್ ಘಾಟು ಮುಂದೆ ಬಂದು ಹಣ್ಣಿನ ವಾಸನೆ ಹಿಂದೆ ಬೀಳುತ್ತದೆ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ತೆರೆದ ಬಾಟಲಿಯನ್ನೂ ಅಲ್ಲೇ ಇಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ನಗುವವರು ನಗಲಿ ಬಿಡಿ.

ಪ್ರಶ್ನೆ: ನಮ್ಮ ಊಟದ ಜೊತೆ ಯಾವ ವೈನ್ ಹೊಂದುತ್ತದೆ?
— ಓದುಗರೊಬ್ಬರು, ಚಾಮರಾಜಪೇಟೆ

ಉತ್ತರ: ಖಾರ ಎಷ್ಟಿದೆ ಅನ್ನುವುದೇ ಲೆಕ್ಕ. ಖಾರದ ಮೇಲೆ ಒಗರು ಮತ್ತು ಜಾಸ್ತಿ ಆಲ್ಕೋಹಾಲ್ ಬಿದ್ದರೆ ಬಾಯಿ ಉರಿಯುತ್ತದೆ. ತುಸು ಸಿಹಿ ಇದ್ದರೆ ತಣ್ಣಗಾಗುತ್ತದೆ. ಹಾಗಾಗಿ ಚಿಕನ್ ಘೀ ರೋಸ್ಟ್‌ಗೆ ಚೂರು ಸಿಹಿ ಇರುವ, ಚೆನ್ನಾಗಿ ತಣಿಸಿದ ಶೆನಿನ್ ಬ್ಲಾಂ ಅನ್ನುವ ಬಿಳಿ ವೈನ್. ನಿಂಬೆ ಹಿಂಡಿದ ಹೆಸರುಬೇಳೆ ಕೋಸಂಬರಿಗೆ ಸೊವಿನ್ಯೋಂ ಬ್ಲಾಂ, ಹುಳಿಗೆ ಹುಳಿ ಜೋಡಿ. ಮಟನ್ ದೊನ್ನೆ ಬಿರಿಯಾನಿಗೆ ಒಗರು ಕಮ್ಮಿ ಇರುವ ಶಿರಾಜ್ ನಡೆಯುತ್ತದೆ. ಹಿತಕಿದ ಅವರೆಬೇಳೆ ಸಾರಿಗೆ ನಾನು ನಾಲ್ಕು ಥರ ಪ್ರಯತ್ನಿಸಿದೆ. ಆ ಸೊಗಡಿನ ಮುಂದೆ ಯಾವುದೂ ನಿಲ್ಲಲಿಲ್ಲ. ಅದಕ್ಕೆ ಮುದ್ದೆಯೇ ಸರಿ. ಇನ್ನು ತಟ್ಟೆಯಲ್ಲಿ ಮಿಡಿ ಉಪ್ಪಿನಕಾಯಿ ಇದ್ದರೆ ಬಾಟಲಿ ತೆಗೆಯಲೇಬೇಡಿ, ಮಜ್ಜಿಗೆ ಕುಡಿಯಿರಿ.