1827ರ ಅರ್ಧ ಡಾಲರ್: ಸವೆದಿದೆಯೋ, ಅಚ್ಚೇ ಸರಿಯಾಗಿ ಬಿದ್ದಿಲ್ಲವೋ?

ನಿಮ್ಮ ಮಾವನವರು ಅಮೆರಿಕದಿಂದ ತಂದಿಟ್ಟಿದ್ದ 1827ರ ಬೆಳ್ಳಿಯ ಅರ್ಧ ಡಾಲರಿನಲ್ಲಿ ಹದ್ದಿನ ಮೇಲಿರುವ ಪಟ್ಟಿಯ ಅಕ್ಷರಗಳು ಅಳಿಸಿದಂತಿವೆ, ಆದರೆ ಲಿಬರ್ಟಿ ದೇವಿಯ ಕೂದಲಿನ ಎಳೆಗಳು ಚೆನ್ನಾಗಿಯೇ ಕಾಣುತ್ತವೆ. ಇದಕ್ಕೆ ಯಾವ ಗ್ರೇಡ್ (ನಾಣ್ಯದ ಸ್ಥಿತಿಯ ದರ್ಜೆ) ಸಲ್ಲುತ್ತದೆ, ಕಪ್ಪು ಹೋಗುವಂತೆ ವಿಭೂತಿ ಹಾಕಿ ಉಜ್ಜಬಹುದೇ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಉಜ್ಜಬೇಡಿ. ದೇವರ ಮನೆಯ ಬೆಳ್ಳಿ ದೀಪಕ್ಕೆ ಒಪ್ಪುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಹಳೆಯ ನಾಣ್ಯಕ್ಕೆ ಒಗ್ಗುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಅಳಿಸಿದಂತಿರುವ ಅಕ್ಷರಗಳನ್ನು ನೋಡಿ ನಾಣ್ಯ ಸವೆದಿದೆಯೆಂದು ತೀರ್ಮಾನಿಸಲಾಗದು. ಜಾನ್ ರೈಕ್ ರೂಪಿಸಿದ ಈ ಬಗೆಯ ಅರ್ಧ ಡಾಲರುಗಳನ್ನು ಫಿಲಡೆಲ್ಫಿಯಾದ ಟಂಕಸಾಲೆ 1807ರಿಂದ 1836ರವರೆಗೆ ಅಚ್ಚೊತ್ತಿತು. ಉಗಿಯಂತ್ರ ಅಲ್ಲಿಗೆ ಬಂದದ್ದು 1836ರಲ್ಲಿ. ಅಲ್ಲಿಯವರೆಗೆ ಇವೆಲ್ಲ ಆಳುಗಳು ಕೈಯಿಂದ ತಿರುಗಿಸುವ ಸ್ಕ್ರೂ ಪ್ರೆಸ್ಸಿನಲ್ಲೇ ತಯಾರಾದವು. ಒತ್ತಡ ಸಾಲದೆ ಹೋದಾಗ ಬೆಳ್ಳಿಯು ಅಚ್ಚಿನ ಆಳವಾದ ಗೆರೆಗಳನ್ನು ಪೂರ್ತಿ ತುಂಬುತ್ತಿರಲಿಲ್ಲ. ಅಮೆರಿಕದ ನಾಣ್ಯಗಳಲ್ಲಿ ಒಂದು ಮುಖ ನೆಟ್ಟಗಿದ್ದರೆ ಇನ್ನೊಂದು ತಲೆಕೆಳಗಾಗಿರುತ್ತದೆ. ಆದ್ದರಿಂದ ಹದ್ದಿನ ಮೇಲಿನ ಪಟ್ಟಿಗೆ ನೇರ ಬೆನ್ನಿಗಿರುವುದು ದೇವಿಯ ಎದೆಯ ಕೆಳಭಾಗ ಮತ್ತು ಉಡುಪಿನ ಕೊಕ್ಕೆ. ಎರಡೂ ಕಡೆ ಅಚ್ಚು ಆಳವಾಗಿರುವ ಜಾಗದಲ್ಲಿ ಲೋಹ ಸಾಲದೆ ಎರಡೂ ಮಸುಕಾಗುತ್ತವೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಮಗುಚಿ ನೋಡಿ. ಪಟ್ಟಿಯ ಬೆನ್ನಿಗೇ ಕೊಕ್ಕೆಯೂ ಮಸುಕಾಗಿದ್ದು, ಕೆನ್ನೆ, ಹಣೆಯ ಮೇಲಿನ ಗುಂಗುರು, ಹದ್ದಿನ ಉಗುರುಗಳು ಸ್ಪಷ್ಟವಾಗಿದ್ದರೆ ಅದು ಅಚ್ಚಿನ ದೋಷವೇ ಹೊರತು ಸವೆತವಲ್ಲ. ಕೈಯಿಂದ ಕೈಗೆ ಓಡಾಡಿದ ನಾಣ್ಯ ಉಬ್ಬಿರುವ ಕಡೆಗಳಲ್ಲೆಲ್ಲ ಸವೆಯುತ್ತದೆ, ಹೀಗೆ ಎದುರುಬದುರಿನ ಒಂದೇ ಜಾಗವನ್ನು ಆರಿಸಿಕೊಂಡು ಸವೆಯುವುದಿಲ್ಲ.

ಇದಕ್ಕಿಂತ ನಂಬಿಕೆಯ ಸಾಕ್ಷಿ ಲೋಹದ ಮೈಯೇ. ಕೋಣೆಯ ದೊಡ್ಡ ದೀಪವನ್ನು ಆರಿಸಿ, ಒಂದೇ ಮೇಜುದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ಓಲಾಡಿಸಿ. ಅಚ್ಚೊತ್ತುವಾಗ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿರುತ್ತವೆ. ಆ ಗೆರೆಗಳ ಮೇಲೆ ಬೆಳಕು ಗಾಡಿಯ ಚಕ್ರದ ಅರಗಳಂತೆ ಸುತ್ತುತ್ತದೆ. ಮಸುಕಾದ ಕೊಕ್ಕೆಯ ಮೇಲೂ ಆ ಹೊಳಪು ಕಡಿಯದೆ ಹಾದುಹೋದರೆ ಅಲ್ಲಿ ಸವೆತವಿಲ್ಲ. ಕೆನ್ನೆಯ ಮೇಲೆ ಬೂದುಬಣ್ಣದ ಮಂಕು ತೇಪೆ ಕಂಡು, ನಕ್ಷತ್ರಗಳ ಸಂದಿಯಲ್ಲಿ ಮಾತ್ರ ಹೊಳಪು ಉಳಿದಿದ್ದರೆ ನಾಣ್ಯ ಸ್ವಲ್ಪ ಕಾಲ ಓಡಾಡಿದೆ ಎಂದರ್ಥ.

ಉಜ್ಜಿದರೆ ಹಾಳಾಗುವುದು ಈ ಗೆರೆಗಳೇ; ಒಮ್ಮೆ ಹೋದ ಮೇಲೆ ಅವನ್ನು ಮರಳಿ ತರುವ ಉಪಾಯವಿಲ್ಲ. ನಾನು ಸಂಗ್ರಹ ಶುರುಮಾಡಿದ ಹೊಸತರಲ್ಲಿ ಒಬ್ಬ ವ್ಯಾಪಾರಿಯಿಂದ ಇದೇ ಬಗೆಯ, ಬೆಳ್ಳಗೆ ಫಳಫಳ ಹೊಳೆಯುವ ನಾಣ್ಯವೊಂದನ್ನು ಒಳ್ಳೆಯ ಬೆಲೆ ಕೊಟ್ಟು ತಂದೆ. ಮನೆಗೆ ಬಂದು ಭೂತಕನ್ನಡಿಯಲ್ಲಿ ನೋಡಿದಾಗ ಬಯಲು ಭಾಗದ ತುಂಬ ಒಂದೇ ದಿಕ್ಕಿನ ಕೂದಲೆಳೆಯಂತಹ ಗೀರುಗಳಿದ್ದವು; ಬಟ್ಟೆ ತಲುಪದ ಅಕ್ಷರಗಳ ಬುಡದಲ್ಲಿ ಗೀರುಗಳು ನಿಂತು, ಅಲ್ಲಿ ಮಾತ್ರ ಹಳೆಯ ಕಪ್ಪು ಕುಳಿತಿತ್ತು. ನಾಣ್ಯಗಳನ್ನು ಪರೀಕ್ಷಿಸಿ ಗ್ರೇಡ್ ಕೊಡುವ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ಇಂತಹವಕ್ಕೆ ಸಂಖ್ಯೆಯ ಗ್ರೇಡ್ ಕೊಡದೆ 'ಡೀಟೇಲ್ಸ್' ಎಂದು ಬರೆದು, ಸ್ವಚ್ಛಗೊಳಿಸಲಾಗಿದೆ ಎಂಬ ಷರಾ ಹಾಕುತ್ತವೆ. ಇನ್ನೂರು ವರ್ಷ ಹಳೆಯ ಬೆಳ್ಳಿ ಸಹಜವಾಗಿ ಕಪ್ಪಾಗಿರಬೇಕು. ತೀರಾ ಬೆಳ್ಳಗಿದ್ದರೆ ನಾನು ಮೊದಲು ಅನುಮಾನಿಸುತ್ತೇನೆ.

ಗ್ರೇಡಿನ ಮಾತಿಗೆ ಬರುತ್ತೇನೆ. ವಿಲಿಯಂ ಶೆಲ್ಡನ್ 1949ರಲ್ಲಿ ದೊಡ್ಡ ತಾಮ್ರದ ಸೆಂಟುಗಳಿಗಾಗಿ ಮಾಡಿದ 1ರಿಂದ 70ರ ಅಳತೆಯೇ ಈಗ ಎಲ್ಲಕ್ಕೂ ಬಳಕೆಯಲ್ಲಿದೆ. ಈ ನಾಣ್ಯದಲ್ಲಿ ಟೋಪಿಯ ಪಟ್ಟಿಯ ಮೇಲಿನ 'ಲಿಬರ್ಟಿ' ಎಂಬ ಪದ ಪೂರ್ತಿ ಓದಲು ಬಂದರೆ ಸುಮಾರು ಫೈನ್ 12. ಕೂದಲಿನ ಎಳೆಗಳೆಲ್ಲ ಬಿಡಿಬಿಡಿಯಾಗಿ ಕಂಡರೆ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್) 40. ಎತ್ತರದ ಜಾಗಗಳಲ್ಲಿ ಮಾತ್ರ ಲಘುವಾದ ಸವೆತವಿದ್ದು ಸಂದಿಗಳಲ್ಲಿ ಹೊಳಪು ಉಳಿದಿದ್ದರೆ ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್, ಅಂದರೆ ಹೆಚ್ಚುಕಡಿಮೆ ಓಡಾಡದ್ದು) 50ರಿಂದ ಮೇಲೆ. ನಿಮ್ಮದು ಎಯು ಆಗಿರುವ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ. 1804ರಲ್ಲಿ ಡಾಲರ್ ಅಚ್ಚೊತ್ತುವುದು ನಿಂತ ಮೇಲೆ ಅರ್ಧ ಡಾಲರೇ ಅಲ್ಲಿನ ಅತಿ ದೊಡ್ಡ ಬೆಳ್ಳಿ ನಾಣ್ಯವಾಯಿತು. ಅವು ಚೀಲಗಟ್ಟಲೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿ ತಿಜೋರಿಯಲ್ಲಿ ಕುಳಿತದ್ದರಿಂದ ಹೆಚ್ಚು ಸವೆಯದವು ಇಂದಿಗೂ ಸಾಕಷ್ಟು ಸಿಗುತ್ತವೆ. 1827ರಲ್ಲಿ ಅಚ್ಚಾದವು 54,93,400, ಅಂದರೆ ಅಪರೂಪದ ವರ್ಷವಲ್ಲ. ಬೆಲೆ ನಿಂತಿರುವುದು ಬಹುಮಟ್ಟಿಗೆ ಮೈಯ ಸ್ಥಿತಿಯ ಮೇಲೆ.

ಮುಂದೆ 1790ರ ದಶಕದ ಡಾಲರುಗಳನ್ನು ನೋಡುವ ಅವಕಾಶ ಬಂದರೆ, ಮುಖದ ಮೇಲೆ ಅರ ಉಜ್ಜಿದಂತಹ ಸಾಲು ಗೆರೆಗಳನ್ನು ಕಂಡು ಬೆಚ್ಚಬೇಡಿ. ತೂಕ ಹೆಚ್ಚಾದ ಬಿಲ್ಲೆಗಳನ್ನು ಟಂಕಸಾಲೆಯವರೇ ಅಚ್ಚೊತ್ತುವ ಮೊದಲು ಅರದಿಂದ ಉಜ್ಜಿ ಸರಿದೂಗಿಸುತ್ತಿದ್ದ ಗುರುತುಗಳವು.

ಕೊನೆಯದಾಗಿ ನಾಣ್ಯವನ್ನು ತೂಗಿ. ಹೊಸದಿದ್ದಾಗ ಇದರ ತೂಕ 13.48 ಗ್ರಾಂ, ಅಗಲ ಸುಮಾರು 32.5 ಮಿಲಿಮೀಟರ್, ಬೆಳ್ಳಿಯ ಪಾಲು ಸಾವಿರಕ್ಕೆ 892.4. ಅಂಚಿನ ಸುತ್ತ ಅರ್ಧ ಡಾಲರ್ ಎಂದು ಸಾರುವ ಇಂಗ್ಲಿಷ್ ಅಕ್ಷರಗಳಿರಬೇಕು. ಎಲ್ಲಾದರೂ ಆ ಸಾಲು ಕಡಿದು ಬೆಸುಗೆಯ ಉಂಡೆ ಕಂಡರೆ, ನಮ್ಮ ಮನೆಗಳ ರಾಣಿ ರೂಪಾಯಿಗಳಿಗೆ ಮಾಡಿದಂತೆ ಕೊಂಡಿ ಹಾಕಿ ಆಮೇಲೆ ತೆಗೆದಿರಬಹುದು. ಆ ಕಾಲದಲ್ಲೇ ಜರ್ಮನ್ ಸಿಲ್ವರಿನಲ್ಲಿ ಮಾಡಿದ ಖೋಟಾ ನಾಣ್ಯಗಳೂ ಇವೆ. ಅದರಲ್ಲಿ ಬೆಳ್ಳಿಯೇ ಇಲ್ಲ. ದೀಪವನ್ನು ಎರಡು ಮೂರು ಕೋನಗಳಲ್ಲಿಟ್ಟು ಎರಡೂ ಮುಖಗಳ ಮತ್ತು ಅಂಚಿನ ಚಿತ್ರ ತೆಗೆದು ಇಲ್ಲಿ ಹಾಕಿದರೆ ಇನ್ನಷ್ಟು ನಿಖರವಾಗಿ ಹೇಳಬಲ್ಲೆ. ಅಲ್ಲಿಯವರೆಗೆ ಅದನ್ನು ಮೆತ್ತನೆಯ ಪಿವಿಸಿ ಚೀಲದಲ್ಲಿಡಬೇಡಿ, ವರ್ಷಗಳು ಕಳೆದಂತೆ ಹಸಿರು ಜಿಗುಟು ಬಿಡುತ್ತದೆ; ಮೈಲಾರ್ ಎಂಬ, ಪಿವಿಸಿ ಇಲ್ಲದ ಪ್ಲಾಸ್ಟಿಕ್ ಹಾಳೆಯ ಹೋಲ್ಡರಿನಲ್ಲಿಟ್ಟು ಒಣ ಜಾಗದಲ್ಲಿಡಿ.