ನೀಲಿ ತ್ರಿಕೋನ ನೋಡಿ ಧೈರ್ಯ ತಂದುಕೊಳ್ಳಬೇಡಿ, ಮಾಷ್ಟ್ರೇ

ಉಡುಪಿ ಕಡಿಯಾಳಿಯಿಂದ ನಿವೃತ್ತ ಗಣಿತ ಮಾಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪ್ಲಾಸ್ಟಿಕ್ಕಿನ ರಾಸಾಯನಿಕ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೂ ದೇಹದ ಹಾರ್ಮೋನನ್ನು ಕೆಡಿಸಬಹುದು ಎಂಬ ಹೋದ ಸಂಚಿಕೆಯ ಲೇಖನ ಓದಿ ಅವರ ಮನೆಯವರು ಅಡುಗೆಮನೆಯ ಡಬ್ಬಗಳನ್ನೆಲ್ಲ ಗುಜರಿಯವನಿಗೆ ಕೊಟ್ಟುಬಿಟ್ಟರಂತೆ. ಉಪ್ಪಿನಕಾಯಿ ಮತ್ತೆ ಭರಣಿಗೆ ಹೋಯಿತಂತೆ. 'ನೂರು ಕೋಟಿಯಲ್ಲಿ ಒಂದು ಪಾಲು ಅಂದರೆ ಎಷ್ಟು ಅಂತ ನಿಮಗೆ ಗೊತ್ತುಂಟಾ? ನೀರೂ ರಾಸಾಯನಿಕವೇ. ಪ್ರಮಾಣ ಮೀರಿದರೆ ಮಾತ್ರ ವಿಷ. ನಮ್ಮ ತೋಟದ ಮದ್ದಿನ ಬಾಟ್ಲಿಯಲ್ಲೂ ಇರುವುದು ನೀಲಿ ತ್ರಿಕೋನ, ಕೆಂಪಲ್ಲ. ಸುಮ್ನೆ ಯಾಕೆ ಹೆದರಿಸುತ್ತೀರಿ?' ಇದು ಅವರ ಪ್ರಶ್ನೆ.

ಮಾಷ್ಟ್ರೇ, ನೀರೂ ರಾಸಾಯನಿಕವೇ. ಒಪ್ಪಿದೆ. ಪ್ರಮಾಣದ ಮಾತು 16ನೇ ಶತಮಾನದ ವೈದ್ಯ ಪ್ಯಾರಾಸೆಲ್ಸಸ್‌ನದು, ಅದೂ ಸುಳ್ಳಲ್ಲ. ಡಬ್ಬಗಳನ್ನೆಲ್ಲ ಒಂದೇ ದಿನ ಸಾಗಹಾಕಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ನಿಮ್ಮ ಪರವಾಗಿ ನನ್ನಲ್ಲಿರುವುದು ಇಷ್ಟೇ.

ಕೀಟನಾಶಕದ ಬಾಟ್ಲಿಯ ಮೇಲಿನ ಆ ತ್ರಿಕೋನಕ್ಕೆ ಬಣ್ಣ ಹೇಗೆ ಬರುತ್ತದೆ ಗೊತ್ತಾ? ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಮದ್ದು ಬೇಕು ಎಂದು ಅಳೆಯುತ್ತಾರೆ. ಸ್ವಲ್ಪಕ್ಕೇ ಸತ್ತರೆ ಕೆಂಪು. ಆಮೇಲೆ ಹಳದಿ, ನೀಲಿ, ಹಸಿರು. ಅಂದರೆ ಅದು ಸಾವಿನ ಲೆಕ್ಕ. ಸಾಯದೆ ಉಳಿದ ಇಲಿಯ ಒಳಗೆ ಏನಾಯಿತು ಅನ್ನುವುದನ್ನು ಆ ಬಣ್ಣ ಹೇಳುವುದಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಗದ್ದೆಗೆ ಮದ್ದು ಬಿಡಲು ಒಬ್ಬರು ಬರುತ್ತಿದ್ದರು. (ನಾವು ವಿಷಕ್ಕೆ 'ಮದ್ದು' ಅನ್ನುವ ಜನ, ಅದನ್ನೂ ಗಮನಿಸಿ.) ಬರಿಮೈ, ಬೆನ್ನಿಗೆ ಪಂಪು, ಮೂಗಿಗೆ ಬೈರಾಸು. ಒಂದು ದಿನ ಗಾಳಿ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಅವರ ಬಾಯಿಯಿಂದ ಜೊಲ್ಲು ಇಳಿಯತೊಡಗಿತು. ಮೈಯೆಲ್ಲ ಬೆವರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ತೋಳಿನ ಮಾಂಸ ತನ್ನಷ್ಟಕ್ಕೆ ಹಾರುತ್ತಿತ್ತು. ಜೀಪಿನಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ಅಟ್ರೊಪಿನ್ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಉಳಿಸಿದರು.

ಅವರ ದೇಹದಲ್ಲಿ ಏನೂ ಸುಟ್ಟಿರಲಿಲ್ಲ, ಏನೂ ಹರಿದಿರಲಿಲ್ಲ. ಕೆಟ್ಟದ್ದು ಜೀವಕೋಶಗಳ ನಡುವಿನ ಮಾತು. ನರದ ತುದಿ ಪಕ್ಕದ ಜೀವಕೋಶಕ್ಕೆ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಮೂಲಕ ಸುದ್ದಿ ಕಳಿಸುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಒರೆಸಿಹಾಕಬೇಕು. ಅವರು ಬಿಡುತ್ತಿದ್ದಂಥ ಆರ್ಗ್ಯಾನೊಫಾಸ್ಫೇಟ್ ಮದ್ದುಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಮೇಲೆ ನರದ ಸುದ್ದಿ ಹೇಳಿದ್ದೇ ಹೇಳಿದ್ದು, ನಿಲ್ಲುವುದೇ ಇಲ್ಲ. ಹೀಗೆ ರಾಸಾಯನಿಕದ ಮೂಲಕ ಸುದ್ದಿ ದಾಟುತ್ತದೆ ಎಂದು 1921ರಲ್ಲಿ ತೋರಿಸಿದವರು ವಿಜ್ಞಾನಿ ಆಟೊ ಲೋವಿ, ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು. ಆ ಪ್ರಯೋಗ ಅವರಿಗೆ ಕನಸಿನಲ್ಲಿ ಹೊಳೆದದ್ದಂತೆ. ನನಗೆ ಕನಸಿನಲ್ಲಿ ಬರುವುದು ಪ್ರೆಸ್ಸಿನವರ ಬಾಕಿ ಮಾತ್ರ.

ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು ಬೇರೆ ದಾರಿ. ಮೆದುಳಿನಲ್ಲಿ 'ಸಾಕು, ಸುಮ್ಮನಿರು' ಎಂದು ಹೇಳುವ ಗಾಬಾ ಎಂಬ ಸಂಕೇತ ಉಂಟು. ಇದು ಅದರ ಬಾಗಿಲು ಮುಚ್ಚುತ್ತದೆ. ಸುಮ್ಮನಿರಿಸುವವರು ಇಲ್ಲದ ನರಗಳು ಸೆಟೆದು ಅಪಸ್ಮಾರ ಬರುತ್ತದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ಈ ಹೆಸರು ನಾನು ಹೇಳಿಕೊಡಬೇಕಾಗಿಲ್ಲ. ಗೇರು ತೋಟದ 'ಟೀ ಸೊಳ್ಳೆ' ಎಂಬ ತಿಗಣೆಯಂಥ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಸುರಿದದ್ದು 2000ದವರೆಗೂ ನಡೆಯಿತು. ಸುಪ್ರೀಂ ಕೋರ್ಟು ಈ ಮದ್ದನ್ನೇ ತಡೆದದ್ದು 2011ರ ಮೇಯಲ್ಲಿ. ನಡುವಿನ ವರ್ಷಗಳಲ್ಲಿ, ಮಕ್ಕಳಿಗೇಕೆ ಹೀಗಾಯಿತು ಎಂದು ಕೇಳಿದ ಅಲ್ಲಿನ ತಾಯಂದಿರಿಗೆ ಸಿಕ್ಕಿದ ಉತ್ತರ ನಿಮ್ಮ ಪತ್ರದಲ್ಲಿರುವುದೇ: ಪ್ರಮಾಣ ಮೀರಿಲ್ಲ.

ಈಗ ನಿಮ್ಮ ನೂರು ಕೋಟಿಯ ಲೆಕ್ಕಕ್ಕೆ ಬರೋಣ. ನೀವು ಗಣಿತದವರು, ನೀವೇ ಹಾಕಿ. ಈಸ್ಟ್ರಾಡಯಾಲ್ ಎಂಬ ಹೆಣ್ಣು ಹಾರ್ಮೋನನ್ನು ರಕ್ತದಲ್ಲಿ ಅಳೆಯುವುದು ಮಿಲಿಲೀಟರಿಗೆ ಇಷ್ಟು ಪಿಕೊಗ್ರಾಂ ಎಂದು. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು. ಅಷ್ಟರಲ್ಲೇ ಹುಡುಗಿ ದೊಡ್ಡವಳಾಗುತ್ತಾಳೆ, ಗರ್ಭ ಕಟ್ಟುತ್ತದೆ. ಅಂಥ ಪಿಸುಮಾತಿನ ಮನೆಗೆ ಅದೇ ವೇಷ ಕಟ್ಟಿಕೊಂಡು ಇನ್ನೊಬ್ಬ ನುಗ್ಗಿದರೆ, 'ಸ್ವಲ್ಪ ತಾನೆ' ಅನ್ನಲು ಬರುತ್ತದಾ? ಯಕ್ಷಗಾನದ ಆಟದಲ್ಲಿ ಭಾಗವತರ ಹಿಂದೆ ನಿಂತು ಯಾರೋ ಮೆಲ್ಲಗೆ ಬೇರೆ ತಾಳ ಹಾಕಿದರೆ ಸಾಕು, ವೇಷಧಾರಿಯ ಹೆಜ್ಜೆ ತಪ್ಪುತ್ತದೆ. ಅದಕ್ಕೆ ರಂಗಸ್ಥಳವನ್ನೇ ಸುಡಬೇಕೆಂದಿಲ್ಲ.

ಪಣಂಬೂರಿನ ಬಂದರು ಇಟ್ಟುಕೊಂಡಿರುವ ನಾವು ಇನ್ನೊಂದು ಕತೆ ತಿಳಿದಿರಬೇಕು. ಹಡಗಿನ ಅಡಿಗೆ ಪಾಚಿ, ಚಿಪ್ಪು ಹಿಡಿಯದಿರಲಿ ಎಂದು ಟ್ರೈಬ್ಯುಟೈಲ್‌ಟಿನ್ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ಇಂಗ್ಲೆಂಡಿನ ಪ್ಲಿಮತ್ ಕಡೆ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತು. ಅದು ಮೊಟ್ಟೆಯ ದಾರಿಯನ್ನೇ ಮುಚ್ಚಿತು. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡೇ ಸತ್ತವು. ಇಷ್ಟಾಗಲು ಲೀಟರು ನೀರಿಗೆ ಕೆಲವೇ ನ್ಯಾನೊಗ್ರಾಂ ಸಾಕಾಗಿತ್ತು, ಅಂದರೆ ನಿಮ್ಮ ನೂರು ಕೋಟಿಗಿಂತಲೂ ಎಷ್ಟೋ ಕಡಿಮೆ. ಲೋಕವೆಲ್ಲ ಸೇರಿ ಆ ಬಣ್ಣ ನಿಷೇಧಿಸಿದ್ದು ಜಾರಿಗೆ ಬಂದದ್ದು 2008ರಲ್ಲಿ.

ಇನ್ನು 'ಸುರಕ್ಷಿತ ಪ್ರಮಾಣ' ಅನ್ನುವುದು ಕಲ್ಲಿನ ಮೇಲೆ ಬರೆದದ್ದಾ? ಗಟ್ಟಿ ಪ್ಲಾಸ್ಟಿಕ್ಕಿನ, ಡಬ್ಬಿಯ ಒಳಲೇಪದ ಬಿಸ್ಫಿನಾಲ್-ಎ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ ಎಂದು 1936ರಲ್ಲೇ ಗೊತ್ತಿತ್ತು. ಗೊತ್ತಿದ್ದೂ ಮಗುವಿನ ಹಾಲಿನ ಬಾಟ್ಲಿ ಮಾಡಿದರು. 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ಇಷ್ಟರವರೆಗೆ ಅಡ್ಡಿಯಿಲ್ಲ ಎಂಬ ತನ್ನ ಹಳೆಯ ಮಿತಿಯನ್ನು 20,000 ಪಟ್ಟು ಇಳಿಸಿತು. ಜರ್ಮನಿಯ ಸಂಸ್ಥೆ ಅಷ್ಟು ಇಳಿಸುವುದು ಬೇಡ ಎಂದು ತಕರಾರು ತೆಗೆಯಿತು, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ 20,000 ಪಟ್ಟಿಗೆ ನೀವು ಯಾವ ಸೂತ್ರ ಹಾಕುತ್ತೀರಿ?

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಹಂಪನಕಟ್ಟೆಯಲ್ಲಿ ನಮ್ಮ ಆಫೀಸಿನ ಹುಡುಗ ದಿನಾ ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಸಿಕೊಂಡು ಬರುತ್ತಾನೆ. ಅದರಲ್ಲಿ ಬಿಸ್ಫಿನಾಲ್ ಇರಲಿಕ್ಕಿಲ್ಲ. ಮತ್ತೇನುಂಟು? ತೊಟ್ಟೆಯ ಮೇಲೆ ಒಂದಕ್ಷರ ಇಲ್ಲ. ಮದ್ದಿನ ಬಾಟ್ಲಿಯ ಜೊತೆ ಬರುವ ಚೀಟಿಯಲ್ಲಿ ಕನ್ನಡ ಹುಡುಕಿ, ಭೂತಗನ್ನಡಿ ಬೇಕು. ಗುಟ್ಟು ಮುಚ್ಚಿಟ್ಟವರನ್ನು ಬಿಟ್ಟು, ಕೇಳಿದ ಹೆಂಗಸರನ್ನು 'ಹೆದರುಪುಕ್ಕಿ' ಅನ್ನುತ್ತೇವೆ. ನೀವು ಕೂಡಾ ಪತ್ರದಲ್ಲಿ ಅದೇ ಶಬ್ದ ಬಳಸಿದ್ದೀರಿ. ಮನೆಯವರಿಗೆ ಈ ಪುಟ ತೋರಿಸುವ ಮೊದಲು ಯೋಚಿಸಿ.

ಕೊನೆಗೆ ಒಂದು ದೂರು ಕೊಟ್ಟಿದ್ದೀರಿ, ಭರಣಿಯಲ್ಲಿ ಮಿಡಿ ಎಷ್ಟು ಉಳಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ ಅಂತ. ನಿಜ. ಮುಚ್ಚಳ ತೆಗೆದು ಮರದ ಸೌಟಿನಲ್ಲಿ ಕೆದಕಿ ನೋಡಿ. ಸೌಟು ಮಾತ್ರ ಒಣಗಿರಲಿ, ಇಲ್ಲದಿದ್ದರೆ ಬೂಸರು ಬರುತ್ತದೆ.

- ಸಂ.