ಇಂಟರ್ನೆಟ್ ಇಲ್ಲದ ಕಾಲದಲ್ಲಿ ಮನೆಯಲ್ಲೇ ಸಂಗೀತದ ಪತ್ರಿಕೆ ಹೇಗೆ ಮಾಡುತ್ತಿದ್ದಿರಿ? ಓದುಗರು ಎಲ್ಲಿಂದ ಸಿಗುತ್ತಿದ್ದರು?

ನಾನೂ ಒಬ್ಬ ಗೆಳೆಯನೂ ಸೇರಿ 1988ರಿಂದ ಐದು ವರ್ಷ ಇಂಥದ್ದೊಂದು ನಡೆಸಿದ್ದೆವು, ಶಿರಸಿ ಹತ್ತಿರದ ಹಳ್ಳಿಯಿಂದ. ಪತ್ರಿಕೆ ಅನ್ನುವುದು ದೊಡ್ಡ ಮಾತಾಯಿತು. ಎಂಟು ಪುಟ, 120 ಪ್ರತಿ, ಮೂಲೆಗೆ ಒಂದು ಪಿನ್ನು. ಮೇಲೆ ‘ತ್ರೈಮಾಸಿಕ’ ಅಂತ ಹಾಕಿದ್ದೆವು. ಅಡಿಕೆ ಕೊನೆಕೊಯ್ಲು ಶುರುವಾದರೆ ಐದು ತಿಂಗಳಾದರೂ ಹೊರಗೆ ಬರುತ್ತಿರಲಿಲ್ಲ.

ಪೇಟೆಯ ಕ್ಯಾಸೆಟ್ ಅಂಗಡಿಗೆ ಬಾರದ ಹಾಡುಗಳ ಬಗ್ಗೆ ಮಾತ್ರ ಬರೆಯಬೇಕು ಅಂತ ನಮ್ಮ ಹಟ. ಯಾವ ಊರಿನ ಯಕ್ಷಗಾನದ ಆಟದಲ್ಲಿ ಹಾಡುವ ಯಾವ ಭಾಗವತರು ಯಾವ ಪದ್ಯ ಹೇಗೆ ಎತ್ತಿದರು, ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದಲ್ಲಿ ಗುಮಟೆ ಹೇಗೆ ಬಾರಿಸುತ್ತಾರೆ, ಇಂಥದ್ದು. ಗುಮಟೆ ಅಂದರೆ ಮಣ್ಣಿನ ಮಡಕೆ. ಒಂದು ಬಾಯಿಗೆ ಆಗೆಲ್ಲ ಉಡದ ಚರ್ಮ ಕಟ್ಟುತ್ತಿದ್ದರು, ಇನ್ನೊಂದು ಬಾಯಿ ಖಾಲಿ. ಆ ಖಾಲಿ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆಗೆದು ನಾದ ಏರಿಳಿಸುತ್ತಾರೆ. ಇದನ್ನು ಬರೆದು ತಿಳಿಸುವುದು ಎಷ್ಟು ಕಷ್ಟ ಅಂತ ಬರೆಯಲು ಕೂತಾಗಲೇ ಗೊತ್ತಾಗಿದ್ದು.

ಅಚ್ಚು ಹಾಕಿಸಲು ದುಡ್ಡಿರಲಿಲ್ಲ. ಗೆಳೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಅಲ್ಲೊಂದು ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಮಷಿನ್ ಇತ್ತು. ಸಂಜೆ ಬಾಗಿಲು ಹಾಕಿದ ಮೇಲೆ ನಮ್ಮದು. ಮೇಣ ಹಚ್ಚಿದ ಸ್ಟೆನ್ಸಿಲ್ ಕಾಗದದ ಮೇಲೆ ಮೊನೆಯ ಕಡ್ಡಿಯಿಂದ ಕೈಯಲ್ಲೇ ಬರೆಯಬೇಕು. ಮೆಲ್ಲಗೆ ಬರೆದರೆ ಶಾಯಿ ಇಳಿಯುವುದಿಲ್ಲ, ಒತ್ತಿದರೆ ಕಾಗದ ಹರಿಯುತ್ತದೆ. ನಮ್ಮ ಲಿಪಿಯೋ ಪೂರ್ತಿ ದುಂಡು, ಅಲ್ವಾ? ಸೊನ್ನೆ ಸುತ್ತಿದಲ್ಲೆಲ್ಲ ನಡುವಿನ ಚೂರು ಕಳಚಿ ಬೀಳುತ್ತಿತ್ತು. ಮೊದಲ ಸಂಚಿಕೆಯಲ್ಲಿ ‘ಸಂಗೀತ’ ಅಂತ ಬರೆದ ಕಡೆಯೆಲ್ಲ ಸೊನ್ನೆಯ ಬದಲು ಸಾಸಿವೆ ಕಾಳು! ಆಮೇಲೆ ಸುತ್ತು ಪೂರ್ತಿ ಕೂಡಿಸದೆ ಕೂದಲೆಳೆಯಷ್ಟು ಬಿಟ್ಟು ಬರೆಯಲು ಕಲಿತೆ. ಈಗಲೂ ನನ್ನ ಕೈಬರಹದ ಸೊನ್ನೆಗೆ ಬಾಯಿ ಇದೆ.

ಮಳೆಗಾಲದಲ್ಲಿ ಇನ್ನೂ ರಗಳೆ. ಕಾಗದ ತಂಡಿ ಹಿಡಿದು ಒಂದಕ್ಕೊಂದು ಅಂಟುತ್ತಿತ್ತು. ಒಂದು ಮಗ್ಗುಲು ಹೊಡೆದ ಹಾಳೆ ಒಣಗದೆ ಇನ್ನೊಂದು ಮಗ್ಗುಲು ಹೊಡೆಯುವಂತಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತು ಹಾಕುತ್ತಿದ್ದೆವು. ಅಮ್ಮ ಬೈಯುತ್ತಲೇ ಬೆಂಕಿ ಜಾಸ್ತಿ ಮಾಡುತ್ತಿದ್ದಳು. ಓದುಗರಿಗೆ ಹೋದ ಪ್ರತಿಯಲ್ಲಿ ಹೊಗೆ ವಾಸನೆ ಖಾತ್ರಿ.

ಇನ್ನು ಓದುಗರು. ಆಟಕ್ಕೆ ಹೋದರೆ ಮೈಕಿನ ಹತ್ತಿರ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತವರು ಇರುತ್ತಿದ್ದರು. 60 ನಿಮಿಷದ ಕ್ಯಾಸೆಟ್ ಅರ್ಧ ಗಂಟೆಗೊಮ್ಮೆ ಕಟಕ್ ಅಂತ ನಿಲ್ಲುತ್ತದೆ. ಆ ಸದ್ದು ಎಲ್ಲಿಂದ ಬಂತೋ ಅತ್ತ ಹೋಗಿ ವಿಳಾಸ ಬರೆದುಕೊಳ್ಳುತ್ತಿದ್ದೆ. ಘಟ್ಟದ ಕೆಳಗಿನವರ ಕಟ್ಟನ್ನು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟರೆ ದೇವಿಮನೆ ಘಟ್ಟ ಇಳಿದು ಕುಮಟೆಗೆ ಮುಟ್ಟುತ್ತಿತ್ತು. ಉಳಿದವರಿಗೆ ಬುಕ್ ಪೋಸ್ಟ್, ಅಂದರೆ ಪುಸ್ತಕ, ಪತ್ರಿಕೆ ಕಳಿಸುವ ಅಗ್ಗದ ಅಂಚೆ. ಅದರಲ್ಲಿ ಪತ್ರ ಬರೆಯುವಂತಿರಲಿಲ್ಲ. ಗೆಳೆಯ ಒಮ್ಮೆ ಹತ್ತು ಪ್ರತಿಯ ಅಂಚಿನಲ್ಲಿ ಸುಮ್ನೆ ‘ಹೇಗಿದ್ದೀರಿ, ಆಟಕ್ಕೆ ಬನ್ನಿ’ ಅಂತ ಗೀಚಿದ. ಪಡೆದವರು ದಂಡ ತೆತ್ತು ಬಿಡಿಸಿಕೊಂಡರು. ಇಬ್ಬರು ಚಂದಾ ನಿಲ್ಲಿಸಿದರು.

ನಿಜ ಹೇಳಬೇಕಂದರೆ, ರಾತ್ರಿ ನಿದ್ದೆಗೆಟ್ಟು ನಾನು ಬರೆದ ವಿಮರ್ಶೆಯನ್ನು ಹೆಚ್ಚಿನವರು ಓದುತ್ತಿರಲಿಲ್ಲ. ಎಲ್ಲರೂ ಕೊನೆ ಪುಟದಿಂದ ಶುರು ಮಾಡುತ್ತಿದ್ದರು. ಯಾರ ಹತ್ತಿರ ಯಾವ ರಾತ್ರಿಯ ರೆಕಾರ್ಡಿಂಗ್ ಇದೆ ಅನ್ನುವ ಪಟ್ಟಿ ಅಲ್ಲಿತ್ತು. ಖಾಲಿ ಕ್ಯಾಸೆಟ್ ಕಳಿಸಿದರೆ ತುಂಬಿಸಿ ಕಳಿಸುತ್ತಿದ್ದರು. ನಮ್ಮನ್ನು ಐದು ವರ್ಷ ಎಳೆದದ್ದು ಆ ಪುಟವೇ. 1990ರ ಮೇ ತಿಂಗಳಲ್ಲಿ ಹೆಸರಾಂತ ಭಾಗವತ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ಹೋದರು. 32 ಕೂಡ ತುಂಬಿರಲಿಲ್ಲ. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿ ಮೂರು ಪುಟವಾಯಿತು. ನನ್ನ ಲೇಖನ ತೆಗೆದು ಜಾಗ ಮಾಡಿದೆವು.

ತಪ್ಪು ಹಿಡಿಯುವವರೂ ಇದ್ದರು. ಒಂದು ಪದ್ಯಕ್ಕೆ ಅಷ್ಟತಾಳ ಅಂತ ಬರೆದಿದ್ದೆ. ಎಂಟೇ ದಿನಕ್ಕೆ 15 ಪೈಸೆಯ ಕಾರ್ಡು ಬಂತು, ಮದ್ದಳೆಯವರೊಬ್ಬರಿಂದ. ಅದು ಝಂಪೆ ತಾಳ, ಬೇಕಾದರೆ ಬಂದು ಬಾರಿಸಿ ತೋರಿಸುತ್ತೇನೆ ಅಂತ. ಬಂದರು ಕೂಡ. ಊಟ ಮುಗಿಸಿ, ಜಗಲಿಯಲ್ಲಿ ಬಾರಿಸಿ ತೋರಿಸಿ, ಎರಡು ವರ್ಷದ ಚಂದಾ ಕೊಟ್ಟು ಹೋದರು.

1993ರಲ್ಲಿ ಗೆಳೆಯನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಮಷಿನ್ ಕೈತಪ್ಪಿತು. ಅಷ್ಟೇ. ಈಗ ನನ್ನ ಹತ್ತಿರ ಆರು ಸಂಚಿಕೆ ಉಳಿದಿವೆ. ನಾವಡರ ಪಟ್ಟಿ ಇದ್ದದ್ದನ್ನು ಗೆದ್ದಲು ತಿಂದಿದೆ. ನಿಮ್ಮ ಕಡೆಯ ಯಾರದಾದರೂ ಅಟ್ಟದಲ್ಲಿ ಹೊಗೆ ವಾಸನೆಯ ಕಟ್ಟು ಸಿಕ್ಕರೆ ಇಲ್ಲೇ ಕೆಳಗೆ ತಿಳಿಸಿ.